ರತ್ನಿ ಹೊಡೆಯುವುದು

ನಮ್ಮ ಮನೆಯಲ್ಲಿ ಯಾರೂ ತಪ್ಪು ಮಾಡುತ್ತಿರಲಿಲ್ಲ, ರತ್ನಿ ಹೊಡೆಯುತ್ತಿದ್ದರು. ಸಾರಿಗೆ ಎರಡು ಸಲ ಉಪ್ಪು ಬಿದ್ದರೆ ಅದು ರತ್ನಿ. ಮೋಟರು ಆರಿಸುವುದನ್ನು ಮರೆತು ತೊಟ್ಟಿ ತುಂಬಿ ಅಂಗಳವೆಲ್ಲ ಕೆಸರಾದರೆ ರತ್ನಿ. ದೊಡ್ಡಬಳ್ಳಾಪುರದ ಬಸ್ಸು ಎಂದುಕೊಂಡು ದೇವನಹಳ್ಳಿಯ ಬಸ್ಸು ಹತ್ತಿದರೆ, ಲೆಕ್ಕದ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆಯ ಹಿಂಬದಿಯನ್ನು ನೋಡದೆ ಎದ್ದು ಬಂದರೆ, ಹಸುವನ್ನು ಬಿಚ್ಚಿ ಕರುವನ್ನು ಕಟ್ಟುವುದು ಮರೆತು ಹಾಲೆಲ್ಲ ಕರುವಿನ ಪಾಲಾದರೆ, ಎಲ್ಲವೂ ರತ್ನಿಯೇ. ಪದಕ್ಕೆ ದರ್ಜೆಗಳಿದ್ದವು. ಯಾರಿಗೂ ಗೊತ್ತಾಗುವ ಮೊದಲು ಸರಿಪಡಿಸಿಕೊಂಡದ್ದು ಅರ್ಧ ರತ್ನಿ. ಊರಿಗೆಲ್ಲ ಗೊತ್ತಾದದ್ದು ಪೂರ್ತಿ ರತ್ನಿ. ಬೇಕೆಂದೇ ಮಾಡಿದ ಕೆಡುಕಿಗೆ ಈ ಮಾತು ಬರುತ್ತಿರಲಿಲ್ಲ. ಕಳ್ಳತನ, ಸುಳ್ಳು, ಚಾಡಿ ಇವುಗಳಿಗೆ ಬೇರೆ ಬೈಗುಳಗಳಿದ್ದವು. ತಿಳಿಯದೆ ಕೈಯಿಡಬಾರದ ಕಡೆ ಕೈಯಿಟ್ಟು, ಚೆನ್ನಾಗಿದ್ದುದನ್ನು ಹಾಳು ಮಾಡುವ ಪೆದ್ದುತನಕ್ಕೆ ಮಾತ್ರ ಅದು ಮೀಸಲಾಗಿತ್ತು. ಅಜ್ಜಿಯ ಬಾಯಲ್ಲಿ ದಿನಕ್ಕೊಮ್ಮೆಯಾದರೂ ಅದು ಬರುತ್ತಿತ್ತು, ಹೆಚ್ಚಾಗಿ ನನ್ನ ಮೇಲೆಯೇ.

"ಲೇ ಪವಿ, ಒಲೆ ಮೇಲೆ ಹಾಲಿಟ್ಟು ಎಲ್ಲೋದ್ಯೇ? ಹೊಡ್ದ್ಯಲ್ಲ ರತ್ನಿ."

ಈಗ ಯೋಚಿಸಿದರೆ ಆ ಪದದ ಸುತ್ತ ಒಂದು ಬೇಲಿಯೂ ಇತ್ತು. ತಾತ ಎಲ್ಲರ ಮಾತು ಮೀರಿ ಬಂಡೆಯಿದ್ದ ಕಡೆಯೇ ಬೋರು ಕೊರೆಸಿ, ದೂಳು ಬಿಟ್ಟು ಬೇರೇನೂ ಮೇಲೆ ಬಾರದೆ ಹೋದಾಗ ಅದು ರತ್ನಿ ಆಗಲಿಲ್ಲ, ಗ್ರಹಚಾರ ಆಯಿತು. ಅಪ್ಪ ಇಳಿಜಾರಿನಲ್ಲಿ ಟ್ರ್ಯಾಕ್ಟರು ನಿಲ್ಲಿಸಿ ಬ್ರೇಕು ಎಳೆಯದೆ ಬಂದದ್ದಕ್ಕೆ ಅದು ಉರುಳಿ ಪಕ್ಕದವರ ಕಲ್ಲುಗೂಟಗಳನ್ನು ಮುರಿದಾಗ 'ಟೈಮು ಸರಿ ಇರ್ಲಿಲ್ಲ' ಎಂದರು. ನನ್ನ ತಮ್ಮ ಮೀಸೆ ಬರುವ ತನಕ ರತ್ನಿ ಹೊಡೆಯುತ್ತಿದ್ದ. ಮೀಸೆ ಬಂದ ಮೇಲೆ ಅವನಿಗೂ ಗ್ರಹಚಾರ ಶುರುವಾಯಿತು. ಹೆಂಗಸರ ಮತ್ತು ಮಕ್ಕಳ ತಪ್ಪಿಗೆ ಒಂದು ಹೆಸರು, ಗಂಡಸರ ತಪ್ಪಿಗೆ ನಕ್ಷತ್ರಗಳೇ ಹೊಣೆ. ಈ ವ್ಯವಸ್ಥೆಯನ್ನು ನಮ್ಮ ಮನೆಯಲ್ಲಿ ಯಾರೂ ಕೂತು ಮಾಡಿದ್ದಲ್ಲ, ಆದರೆ ಯಾರೂ ಒಂದು ದಿನವೂ ಅದನ್ನು ತಪ್ಪಿ ನಡೆದದ್ದಿಲ್ಲ.

ಆ ಪದವನ್ನು ಎಂದೂ ಬಳಸದವರು ಒಬ್ಬರಿದ್ದರು, ನನ್ನ ಚಿಕ್ಕಮ್ಮ. ಹಾಲು ಉಕ್ಕಿದರೆ ಅವರು ಹಾಲು ಉಕ್ಕಿತು ಎನ್ನುತ್ತಿದ್ದರು. ಉಪ್ಪು ಹೆಚ್ಚಾದರೆ ಉಪ್ಪು ಹೆಚ್ಚಾಯಿತು ಎನ್ನುತ್ತಿದ್ದರು. ಮಾತು ಕಡಿಮೆಯಿದ್ದ ಹೆಂಗಸು, ಹಾಗಾಗಿ ಇದನ್ನು ಯಾರೂ ಗಮನಿಸಿರಲಿಲ್ಲ. ಅವರನ್ನು ಅಜ್ಜಿ 'ಏ ಇವಳೇ' ಎಂದು ಕರೆಯುತ್ತಿದ್ದರು, ಚಿಕ್ಕಪ್ಪ 'ಏಯ್' ಎನ್ನುತ್ತಿದ್ದರು, ಊರಿನವರು ಅವರ ಮಗಳ ಹೆಸರು ಹಿಡಿದು 'ಸುಧನ ಅವ್ವ' ಎನ್ನುತ್ತಿದ್ದರು. ನನಗೆ ಅವರು ಚಿಕ್ಕಮ್ಮ, ಸುಧಾಳಿಗೆ ಅಮ್ಮ. ನನಗಿಂತ ಒಂದು ವರ್ಷಕ್ಕೆ ಚಿಕ್ಕವಳಾದ ಸುಧಾ ಮತ್ತು ನಾನು ಒಂದೇ ಚಾಪೆಯಲ್ಲಿ ಮಲಗಿ, ಒಂದೇ ಬೆಂಚಿನಲ್ಲಿ ಕೂತು ಬೆಳೆದವರು. ಚಿಕ್ಕಮ್ಮನಿಗೆ ಒಂದು ಹೆಸರಿರಬಹುದು ಎಂದು ನಮ್ಮಿಬ್ಬರಿಗೂ ಬಹುಕಾಲ ಹೊಳೆದಿರಲಿಲ್ಲ.

ನಮ್ಮದು ಕುಂದಾಣ ಹೋಬಳಿಯ ಊರು. ರಾಗಿ, ಒಂದಿಷ್ಟು ತರಕಾರಿ, ಉಳಿದದ್ದೆಲ್ಲ ಹಿಪ್ಪುನೇರಳೆ. ನಾವು ರೇಷ್ಮೆ ಹುಳ ಸಾಕುವವರು. ಮನೆಯ ಅತ್ಯಂತ ದೊಡ್ಡ ಕೋಣೆ, ಗಾಳಿ ಬೆಳಕು ಚೆನ್ನಾಗಿದ್ದ ಕೋಣೆ, ಹುಳುಗಳದ್ದು. ಅದನ್ನು ಹುಳುಮನೆ ಎನ್ನುತ್ತಿದ್ದೆವು. ಮಂಕರಿ ಮಂಕರಿ ಸೊಪ್ಪು ಅಲ್ಲಿಗೆ ಮೊದಲು ಹೋಗಬೇಕು, ಆಮೇಲೆ ನಮ್ಮ ಊಟ. ಹುಳುಗಳಿಗೆ ನಾಲ್ಕು ಸಲ ಜ್ವರ ಬರುತ್ತದೆ. ಜ್ವರ ಎಂದರೆ ಮೇವು ಬಿಟ್ಟು ತಲೆಯೆತ್ತಿ ಅಲುಗಾಡದೆ ಕೂತು ಪೊರೆ ಬಿಡುವುದು. ನಾಲ್ಕನೇ ಜ್ವರದಿಂದ ಎದ್ದ ಹುಳುವಿನ ಹಸಿವಿಗೆ ಕೊನೆಯಿಲ್ಲ. ಆ ವಾರ ಮನೆ ಪೂರ್ತಿ ಅವುಗಳ ಸೇವೆಗೆ ನಿಲ್ಲುತ್ತಿತ್ತು. ಪಕ್ಕದ ಕೋಣೆಯಲ್ಲಿ ಮಲಗಿದರೆ ಅವು ಮೇಯುವ ಸದ್ದು, ಅಜ್ಜಿ ಜರಡಿಯಲ್ಲಿ ರಾಗಿಹಿಟ್ಟು ಆಡಿಸಿದ ಹಾಗೆ, ನಿಲ್ಲದೆ ಕೇಳುತ್ತಿತ್ತು.

ಆ ವಾರದ ನಿಯಮಗಳು ನನಗೆ ಮಗ್ಗಿಗಿಂತ ಮೊದಲು ಬಾಯಿಪಾಠವಾಗಿದ್ದವು. ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಸಾಸಿವೆಯ ಘಾಟು ಹುಳುವಿಗೆ ಆಗುವುದಿಲ್ಲ. ಹಾಗಾಗಿ ಆ ದಿನಗಳ ಸಾರಿಗೆ ಬರಿಯ ಬೆಂದ ರುಚಿ. ದೇವರಿಗೆ ದೀಪ ಉಂಟು, ಊದುಬತ್ತಿ ಇಲ್ಲ. ತಾತ ಬೀಡಿ ಸೇದಬೇಕಾದರೆ ಹುಣಸೆಮರದ ತನಕ ನಡೆದು ಹೋಗಬೇಕು. ಮುಖಕ್ಕೆ ಪೌಡರು ಹಚ್ಚಿಕೊಂಡವರು, ಸೊಳ್ಳೆಬತ್ತಿ ಹಚ್ಚಿದ ಮನೆಯಿಂದ ಬಂದವರು ಹೊಸಿಲು ದಾಟುವಂತಿಲ್ಲ. ಮುಟ್ಟಾದ ಹೆಂಗಸರು ದನದ ಕೊಟ್ಟಿಗೆಯ ಪಕ್ಕದ ಚಪ್ಪರಕ್ಕೆ. ಮುಟ್ಟು ಮುಗಿದ ಮೇಲೆ ಅಮ್ಮ, ಅಜ್ಜಿಯ ತಂಗಿ, ಕೂಲಿಗೆ ಬರುವ ಹೆಂಗಸರು ಎಲ್ಲರೂ ಹುಳುಮನೆಗೆ ಮರಳುತ್ತಿದ್ದರು. ಚಿಕ್ಕಮ್ಮ ಮಾತ್ರ ಎಂದೂ ಒಳಗೆ ಹೋಗುತ್ತಿರಲಿಲ್ಲ. ಸೊಪ್ಪಿನ ಮಂಕರಿಯನ್ನು ಹೊಸಿಲ ಈಚೆ ಇಳಿಸಿ, ಯಾರಾದರೂ ಬಂದು ಎತ್ತಿಕೊಳ್ಳುವ ತನಕ ನಿಂತಿರುತ್ತಿದ್ದರು. ಅವರಿಗೆ ಹುಳು ಕಂಡರೆ ಅಸಹ್ಯವಿರಬೇಕು ಎಂದು ನಾನು ನಂಬಿದ್ದೆ. ಹುಳು ಸಾಕುವ ಮನೆಯಲ್ಲಿ ಹುಳುಮನೆಗೆ ಪ್ರವೇಶವಿಲ್ಲದ ಸೊಸೆಗೆ ಉಳಿಯುವುದು ಒಲೆ ಮತ್ತು ಸಗಣಿ. ಗೂಡು ಬಿಡಿಸುವ ದಿನ ಎಲ್ಲ ಹೆಂಗಸರೂ ಸುತ್ತ ಕೂತು ಹರಟುತ್ತ, ಒಬ್ಬರನ್ನೊಬ್ಬರು ಅಣಕಿಸುತ್ತ ನಗುವಾಗ ಅವರು ಹಿತ್ತಿಲಲ್ಲಿ ಪಾತ್ರೆ ಉಜ್ಜುತ್ತಿದ್ದರು.

ಪದವನ್ನು ಶಾಲೆಗೆ ಒಯ್ದವರು ನಾವೇ. ಮನೆಯ ಮಾತನ್ನು ಮಕ್ಕಳು ಜೇಬಿನಲ್ಲಿ ಹಾಕಿಕೊಂಡೇ ಹೋಗುತ್ತಾರೆ. ಎರಡೇ ವರ್ಷದಲ್ಲಿ ಕಬಡ್ಡಿಯಲ್ಲಿ ಗೆರೆ ಮುಟ್ಟದೆ ಸಿಕ್ಕಿಬಿದ್ದವನೂ, ಪ್ರಾರ್ಥನೆಯಲ್ಲಿ ಸಾಲು ಮರೆತವಳೂ ರತ್ನಿ ಹೊಡೆಯತೊಡಗಿದರು. ನನಗೆ ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಒಂದು ದಿನ ಕೊಳಾಯಿಯ ಹತ್ತಿರ ಸುಧಾಳಿಗೂ ಇನ್ನೊಬ್ಬ ಹುಡುಗಿಗೂ ಜಗಳವಾಯಿತು. ಆ ಹುಡುಗಿಯ ಲೋಟವನ್ನು ಸುಧಾ ಬೀಳಿಸಿದ್ದಳು. ಹುಡುಗಿ ಲೋಟ ಎತ್ತಿಕೊಂಡು, ಕೂಗಾಡದೆ, ಬಹಳ ದಿನದಿಂದ ಇಟ್ಟುಕೊಂಡದ್ದನ್ನು ಕೊಡುವವಳ ಹಾಗೆ ಹೇಳಿದಳು:

"ಹೊಡಿ ಹೊಡಿ, ಇನ್ನೂ ಹೊಡಿ ರತ್ನೀನ. ರತ್ನಿ ಅಂದ್ರೆ ನಿಮ್ಮಮ್ಮನೇ ಕಣೇ. ನಮ್ಮಮ್ಮ ಹೇಳ್ತು."

ಸುಧಾ ಅಂದು ಮನೆಗೆ ಬಂದವಳೇ ಪುಸ್ತಕದ ಚೀಲ ಇಳಿಸದೆ ಅಡುಗೆಮನೆಗೆ ಹೋದಳು. ನಾನು ಹಿಂದೆಯೇ ಇದ್ದೆ. ಚಿಕ್ಕಮ್ಮ ಒಳಕಲ್ಲಿನ ಮುಂದೆ ಕೂತು ಖಾರ ರುಬ್ಬುತ್ತಿದ್ದರು. ನಡುಮನೆಯಲ್ಲಿ ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದರು.

"ಅಮ್ಮ, ರತ್ನಿ ಅಂದ್ರೆ ನೀನಾ?"

ಚಿಕ್ಕಮ್ಮ ಗುಂಡು ತಿರುಗಿಸುವುದನ್ನು ನಿಲ್ಲಿಸಲಿಲ್ಲ.

"ನನ್ನೆಸ್ರು ರತ್ನಮ್ಮ. ರತ್ನಿ ಯಾರೋ ನಂಗೊತ್ತಿಲ್ಲ. ನಿಮ್ಮಜ್ಜೀನ ಕೇಳು."

ಅಜ್ಜಿಗೆ ಅದು ಕೇಳಿಸಿತು. ಅವರಿಗೆ ಕೇಳಿಸಲಿ ಎಂದೇ ಹೇಳಿದ್ದು. ಅಜ್ಜಿ ನಮ್ಮಿಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಕಾಯಿ ಸುಲಿಯುತ್ತಲೇ, ಬೇರೆ ಯಾರದೋ ಮನೆಯ ಕತೆಯ ಹಾಗೆ ಹೇಳಿದರು.

"ಪವಿ ತೊಟ್ಲಲ್ಲಿದ್ಲು. ನಿಮ್ಮಮ್ಮ ಮದ್ವೆಯಾಗಿ ಬಂದ ಹೊಸದು. ನಾಲ್ಕನೇ ಜ್ವರ ಎದ್ದು ಹುಳ ಬೆರಳ್ ದಪ್ಪ ಆಗಿದ್ವು ಕಣ್ರೇ. ನಾಳೆ ನಾಡಿದ್ದು ಹಣ್ಣಾಗಿ ಗೂಡು ಕಟ್ಟೋವು. ಇವ್ಳು ಮುಟ್ಟಾಗಿದ್ದೋಳು ಬಾಯ್ಬಿಟ್ಟು ಹೇಳ್ದೆ ಒಳಕ್ಕೋಗಿ ಸೊಪ್ಪು ಹಾಕಿದ್ಲು. ಸಂಜೆಗೆ ನೋಡ್ತೀವಿ, ಅಷ್ಟೂ ಹುಳ ತಲೆ ಎತ್ತೆತ್ತಿ ಒದರ್ಕಂಡು, ಹಸ್ರು ನೀರು ಕಕ್ಕಂಡು ಬಿದ್ದವೆ. ತಿಪ್ಪೆ ಗುಂಡೀಲಿ ಹೂತಾಕಿದ್ವಿ. ನಿಮ್ ತಾತ ಒಂದು ವಾರ ಅನ್ನ ಮುಟ್ಲಿಲ್ಲ."

"ಅಮ್ಮ ಬೇಕಂತ ಮಾಡ್ತಾ?" ಎಂದು ಸುಧಾ ಕೇಳಿದಳು.

"ಬೇಕಂತ ಯಾರ್ ಮಾಡ್ತಾರೆ. ತಿಳೀದೆ ಮಾಡಿದ್ಲು. ಆಮೇಲೆ ಯಾರೇನ್ ತಪ್ಪು ಮಾಡಿದ್ರೂ, ಏನಪ್ಪಾ ನೀನೂ ರತ್ನಿ ಆದ್ಯಾ ಅಂತ ನಿಮ್ ತಾತ ಅಂತಿದ್ರು. ಹಂಗೇ ನಿಂತೋಯ್ತು."

ಒಳಗೆ ಗುಂಡು ಕಲ್ಲಿನ ಸದ್ದು ಒಂದೇ ವೇಗದಲ್ಲಿ ನಡೆಯುತ್ತಿತ್ತು. ಅಂದಿನಿಂದ ಸುಧಾ ಆ ಪದ ಆಡಲಿಲ್ಲ. ಮನೆಯ ಉಳಿದವರು ಆಡುವುದನ್ನು ಬಿಡಲಿಲ್ಲ. ಸುಧಾ ದೊಡ್ಡವಳಾದಾಗ, ಮೊದಲ ಸಲ ಚಪ್ಪರಕ್ಕೆ ಹೋಗಿ ಕೂತಾಗ, ಅಜ್ಜಿ ದೂರದಿಂದಲೇ 'ನಿಮ್ಮಮ್ಮನ ಹಂಗೆ ಮಾಡ್ಬೇಡ ಮತ್ತೆ' ಎಂದರು. ಅವಳೂ ಹುಳುಮನೆಗೆ ಹೋಗುವುದನ್ನು ಬಿಟ್ಟಳು. ಯಾರೂ ತಡೆಯಲಿಲ್ಲ, ಅವಳೇ ಬಿಟ್ಟಳು. ಒಂದು ಪದ ಒಬ್ಬರಿಂದ ಇನ್ನೊಬ್ಬರಿಗೆ ಆಸ್ತಿಯ ಹಾಗೆ ಇಳಿಯಬಲ್ಲದು ಎಂಬುದನ್ನು ನಾನು ವಿಶ್ವವಿದ್ಯಾಲಯದಲ್ಲಿ ಕಲಿಯಲಿಲ್ಲ.

ವಿಶ್ವವಿದ್ಯಾಲಯದಲ್ಲಿ ನಾನು ಕಲಿತದ್ದು ಒಂದು ಪ್ರಶ್ನೆ. ಎಂ.ಎ. ಮೊದಲ ವರ್ಷ, ಭಾಷಾವಿಜ್ಞಾನದ ತರಗತಿ. ಅವರವರ ಊರಿನ ಆಡುಪದವೊಂದನ್ನು ಅರ್ಥ ಮತ್ತು ಮೂಲದ ಸಮೇತ ಹೇಳಬೇಕಿತ್ತು. ನಾನು ಎದ್ದು ನಿಂತು ರತ್ನಿ ಹೊಡೆಯುವುದು ಎಂದೆ. ಅರ್ಥ ಹೇಳುವ ಮೊದಲೇ ಹಿಂದಿನ ಬೆಂಚಿನಲ್ಲಿ ಒಬ್ಬ ನಕ್ಕ. ಅವನು ಹೊಸಕೋಟೆ ಕಡೆಯವನು, ನಮ್ಮ ಊರಿನ ಹೆಸರನ್ನೂ ಕೇಳದವನು. ಆ ಪದ ಅವನಿಗೆ ಗೊತ್ತಿತ್ತು.

"ಅದು ಬಸ್ಸಿನ ಹೆಸ್ರು ಮೇಡಂ. ರತ್ನ ಅಂತ ಒಂದು ಪ್ರೈವೇಟ್ ಬಸ್ ಇತ್ತಂತೆ, ದಿನಾ ಎಲ್ಲಾದ್ರೂ ಕೆಟ್ಟು ನಿಲ್ತಿತ್ತಂತೆ. ಅದ್ಕೇ ರತ್ನಿ ಹೊಡೀತು ಅಂತಾರೆ."

ಇನ್ನೊಬ್ಬಳು ಅದು ಇಸ್ಪೀಟಾಟದ ಮಾತು ಎಂದಳು. ತರಗತಿ ಹರ್ಷದಿಂದ ವಾದಿಸಿತು. ಪದ ಬಸ್ಸು ಹತ್ತಿ, ಕಾಲೇಜು ದಾಟಿ, ತನ್ನ ಮೂಲವನ್ನು ಎಲ್ಲೋ ಕಳಚಿ ಇಟ್ಟು ಬಂದಿತ್ತು. ನಾನು ಎಲ್ಲರನ್ನೂ ತಿದ್ದುವ ಉತ್ಸಾಹದಲ್ಲಿ, ರತ್ನಿ ಎಂಬುವಳು ನಮ್ಮ ಮನೆಯ ಸೊಸೆ, ಹುಳು ಸಾಯಿಸಿದವಳು ಎಂದೆ. ಅಧ್ಯಾಪಕಿ ಬರೆದುಕೊಳ್ಳುತ್ತಿದ್ದ ಪೆನ್ನನ್ನು ಕೆಳಗಿಟ್ಟರು.

"ಹುಳು ಅವರೇ ಸಾಯಿಸಿದ್ದು ಅಂತ ಯಾರು ಹೇಳಿದ್ದು?"

"ನಮ್ಮಜ್ಜಿ."

"ಅವರು ಏನು ಹೇಳ್ತಾರೆ?"

ಅವರು ಎಂದರೆ ಚಿಕ್ಕಮ್ಮ. ಅವರು ಏನು ಹೇಳುತ್ತಾರೆಂದು ನನಗೆ ಗೊತ್ತಿರಲಿಲ್ಲ. ಮುಟ್ಟಾದ ಹೆಂಗಸಿನ ನೆರಳಿಗೆ ಹುಳು ಸಾಯುವುದಿಲ್ಲ ಎಂಬಷ್ಟು ವಿಚಾರ ನನ್ನಲ್ಲಿ ಆ ಹೊತ್ತಿಗೆ ಬೆಳೆದಿತ್ತು. ಹಾಗಾದರೆ ಹುಳು ಸತ್ತದ್ದು ಯಾತರಿಂದ ಎಂಬ ಮುಂದಿನ ಪ್ರಶ್ನೆಯನ್ನು ನಾನು ಕೇಳಿಕೊಂಡೇ ಇರಲಿಲ್ಲ. ವೈಚಾರಿಕತೆಯನ್ನು ಸಮಾಜದ ಮೇಲೆ ಬಳಸುವುದು ಸುಲಭ. ಅಡುಗೆಮನೆಯ ಬಾಗಿಲಲ್ಲಿ ಅದು ಚಪ್ಪಲಿಯ ಹಾಗೆ ಹೊರಗೆ ಉಳಿಯುತ್ತದೆ.

ಉತ್ತರ ಸಿಗಲು ಕೆಲವು ವರ್ಷ ಬೇಕಾಯಿತು. ಆ ಹೊತ್ತಿಗೆ ತಾತ ಹೋಗಿದ್ದರು. ಹುಳು ಸಾಕಣೆ ಮನೆಯೊಳಗಿಂದ ತೋಟದ ಶೆಡ್ಡಿಗೆ ಬದಲಾಗಿತ್ತು. ಆದರೂ ನಾವು ಅದನ್ನು ಹುಳುಮನೆ ಎಂದೇ ಕರೆಯುತ್ತಿದ್ದೆವು, ಚಿಕ್ಕಮ್ಮ ಅಲ್ಲಿಯೂ ಬಾಗಿಲಲ್ಲೇ ನಿಲ್ಲುತ್ತಿದ್ದರು. ಮೊನ್ನೆ ಅವರೆಕಾಯಿ ಕಾಲದಲ್ಲಿ ನಾನು ರಜೆ ಹಾಕಿ ಊರಿಗೆ ಹೋಗಿದ್ದೆ. ನಾಲ್ಕನೇ ಜ್ವರ ಎದ್ದ ಹುಳು, ಕೈಗಳು ಸಾಲದ ವಾರ. ಒಂದು ಬೆಳಗ್ಗೆ ಶೆಡ್ಡಿನ ಮೂಲೆಯ ಅಟ್ಟಣೆಯಲ್ಲಿ ಹುಳುಗಳು ವಿಚಿತ್ರವಾಗಿ ಆಡುತ್ತಿದ್ದವು. ತಲೆಯನ್ನು ಎತ್ತೆತ್ತಿ ಒದರುತ್ತಿದ್ದವು. ಬಾಯಿಂದ ಹಸಿರು ನೀರು ಸುರಿದು ಸೊಪ್ಪಿನ ಮೇಲೆ ಹನಿಗಟ್ಟಿತ್ತು. ನಾನು ಅಪ್ಪನನ್ನು ಕೂಗಿದೆ. ಅಪ್ಪ ಬಂದು ಒಂದೇ ನೋಟ ನೋಡಿದರು.

"ಔಷ್ದಿ ಸೊಪ್ಪು. ಪಕ್ಕದ ಟೊಮೇಟೊಗೆ ನೆನ್ನೆ ಹೊಡ್ದವ್ರೆ, ಗಾಳಿ ಈ ಕಡೆ ಬೀಸೈತೆ. ಬದುವಿನ ಸಾಲಿನ ಸೊಪ್ಪು ಎಲ್ಲೆಲ್ಲಿ ಹಾಕಿದ್ದೀರೋ ಎಲ್ಲಾ ತೆಗೀರಿ. ಬೇಗ."

ನಾವು ತೆಗೆದೆವು. ಒಂದು ಅಟ್ಟಣೆ ಹೋಯಿತು, ಉಳಿದವು ಉಳಿದವು. ಬೇವಿನಮರದ ಕೆಳಗೆ ಕೂತು ಕೈ ತೊಳೆಯುವಾಗ ನಾನು ಅಪ್ಪನನ್ನು ಕೇಳಿದೆ. ಕೇಳುವಾಗ ನನ್ನ ಮನಸ್ಸಿನಲ್ಲಿ ಮೆಚ್ಚುಗೆಯ ಹೊರತು ಬೇರೇನೂ ಇರಲಿಲ್ಲ.

"ಅಷ್ಟು ಬೇಗ ಹೆಂಗೆ ಗೊತ್ತಾಯ್ತಪ್ಪ? ರೋಗ ಇದ್ದಿದ್ರೆ?"

"ಸಪ್ಪೆ ರೋಗ, ಸುಣ್ಣಕಟ್ಟು, ಎಲ್ಲಾ ನಿಧಾನಕ್ಕೆ ಬರೋವು ಮಗ. ಹಿಂಗೆ ಒಟ್ಟಿಗೇ ತಲೆ ಒದರಿ ಹಸ್ರು ಕಕ್ಕೋದು ಔಷ್ದಿಗೇ. ಒಂದ್ಸಲ ನೋಡಿದ್ದೆ."

"ಯಾವಾಗ?"

ಅಪ್ಪ ಚೊಂಬಿನಲ್ಲಿ ಉಳಿದ ನೀರನ್ನು ಕಾಲಿಗೆ ಸುರಿದುಕೊಂಡರು. ತಲೆ ಎತ್ತೆತ್ತಿ ಒದರುವುದು, ಹಸಿರು ನೀರು: ಈ ಎರಡೂ ಮಾತುಗಳನ್ನು ನಾನು ಅದೇ ಜೋಡಣೆಯಲ್ಲಿ ನಡುಮನೆಯಲ್ಲಿ ಕೂತು ಕೇಳಿದ್ದೆ. ನಮ್ಮ ಮನೆಯಲ್ಲಿ ಹುಳು ಹಾಗೆ ಸತ್ತದ್ದು ಒಂದೇ ಸಲ.

"ಆ ಸೊಪ್ಪು ತಂದಿದ್ದು ಯಾರಪ್ಪ?"

ಅಪ್ಪ ಚೊಂಬನ್ನು ಕೆಳಗಿಟ್ಟು ಹೇಳಿದರು. ಆ ವಾರ ಸೊಪ್ಪು ಕಡಿಮೆ ಬಿದ್ದಿತ್ತು. ತೋಟದ ಅಂಚಿನ ಸಾಲುಗಳು ಪಕ್ಕದವರ ದ್ರಾಕ್ಷಿ ಚಪ್ಪರಕ್ಕೆ ತಾಗಿಕೊಂಡಿದ್ದವು. ಅವರು ಔಷಧಿ ಹೊಡೆದದ್ದನ್ನು ಅಪ್ಪ ಕಣ್ಣಾರೆ ನೋಡಿದ್ದರು. ಆ ಸಾಲು ಮುಟ್ಟಬೇಡ ಎಂದು ತಾತ ಹೇಳಿಯೂ ಇದ್ದರು. ಬೆಳಗಿನ ಇಬ್ಬನಿಗೆ ತೊಳೆದುಹೋಗಿರುತ್ತದೆ ಎಂದುಕೊಂಡು ಅಪ್ಪ ಅದನ್ನೇ ಕೊಯ್ದು ತಂದು ಹೊಸಿಲಲ್ಲಿ ಇಳಿಸಿದರು. ಹೊಸ ಸೊಸೆ ಅದನ್ನು ಎತ್ತಿಕೊಂಡು ಒಳಗೆ ಹಾಕಿದಳು. ಸಂಜೆ ಹುಳು ಒದ್ದಾಡಿದಾಗ ಯಾರೋ 'ಒಳಕ್ಕೆ ಯಾರ್ ಹೋಗಿದ್ರು' ಎಂದರು, ಸೊಸೆ ಮುಟ್ಟಾಗಿರಬೇಕೆಂದು ತೀರ್ಮಾನವಾಯಿತು. ಅಪ್ಪ ಆ ರಾತ್ರಿಯೇ ಅಜ್ಜಿಗೆ ನಿಜ ಹೇಳಿದರಂತೆ.

"ಅಜ್ಜಿ ಏನಂದ್ರು?"

"ಬಾಯ್ಮುಚ್ಕೊಂಡಿರು ಅಂದ್ರು. ಇದ್ದೆ."

ಮನೆಗೆ ಬಂದು ಅಜ್ಜಿಯನ್ನು ಕೇಳಿದೆ. ಅಜ್ಜಿಗೆ ಈಗ ಕಣ್ಣು ಮಂಜು, ಕಿವಿ ಚುರುಕು. ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ನಿರಾಕರಿಸಬಹುದು ಎಂದುಕೊಂಡಿದ್ದೆ, ಅವರು ನಿರಾಕರಿಸಲಿಲ್ಲ.

"ಆವತ್ತು ನಿಮ್ ತಾತ ಎಂಗಿದ್ರು ನಿಂಗೇನ್ ಗೊತ್ತು. ಸೊಪ್ಪು ಕೊಯ್ಯೋ ಮಚ್ಚು ಕೈಲಿತ್ತು. ಮಗನ್ನ ಉಳಿಸ್ಕೊಂಡೆ."

"ಸೊಸೇನ?"

"ಸೊಸೆಗೆ ಬೈದ್ರು. ಹೊಡೀಲಿಲ್ಲ."

"ಅದು ಆವತ್ತಿಗಾಯ್ತು. ತಾತ ಹೋದ್ಮೇಲೂ ಯಾಕ್ ಹೇಳ್ತಾ ಇದ್ರಿ? ಮಚ್ಚು ಯಾರ್ ಕೈಲಿತ್ತು ಆಮೇಲೆ?"

ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

"ಹೇಳ್ತಾ ಹೇಳ್ತಾ ನಂಗೇ ನಿಜ ಅನ್ನಿಸ್ಬಿಡ್ತು ಕಣೇ."

ನಾನು ಅಪ್ಪನ ಮುಂದೆ ಒಂದು ಬೇಡಿಕೆಯಿಟ್ಟೆ. ನಾಳೆ ನಾಡಿದ್ದರಲ್ಲಿ ಹುಳು ಹಣ್ಣಾಗುತ್ತವೆ. ಹಣ್ಣಾದ ಹುಳುವನ್ನು ಆಯ್ದು ಗೂಡು ಕಟ್ಟಲು ಚಂದ್ರಿಕೆಯ ಬಿದಿರು ತಟ್ಟೆಗೆ ಬಿಡುವ ದಿನ ಅಜ್ಜಿಯ ತಂಗಿಯ ಮನೆಯವರು, ಅಕ್ಕಪಕ್ಕದವರು ಎಲ್ಲರೂ ಕೈಜೋಡಿಸಲು ಬರುತ್ತಾರೆ. ಆ ಮಾತು ಯಾರ ಮುಂದೆ ಹುಟ್ಟಿತೋ ಅವರ ಮುಂದೆ, ಊಟದ ಹೊತ್ತಿನಲ್ಲಿ, ಸೊಪ್ಪು ತಂದವನು ನಾನು ಎಂದು ಅಪ್ಪ ಹೇಳಬೇಕು. ಗುಟ್ಟಾಗಿ ಚಿಕ್ಕಮ್ಮನ ಕ್ಷಮೆ ಕೇಳಿದರೆ ಸಾಲದು. ಹೆಸರು ಕೆಟ್ಟದ್ದು ಬಹಿರಂಗವಾಗಿ, ಸರಿಯಾಗುವುದೂ ಬಹಿರಂಗವಾಗಿಯೇ.

"ಈಗ್ಯಾಕೆ ಬಿಡು ಪವಿ. ಅವ್ಳೂ ಮರ್ತವ್ಳೆ."

"ಮರ್ತಿದ್ರೆ ಶೆಡ್ ಒಳಗೆ ಬರ್ತಿದ್ರು ಅಪ್ಪ. ಬಾಗ್ಲಲ್ಲಿ ನಿಲ್ತಿರ್ಲಿಲ್ಲ."

ಅಮ್ಮ ನನ್ನನ್ನು ಬಚ್ಚಲಮನೆಯ ಹತ್ತಿರ ತಡೆದು, ಓದಿಸಿದ್ದಕ್ಕೆ ಅಪ್ಪನ ತಲೆ ತಗ್ಗಿಸುತ್ತೀಯಾ ಎಂದರು. ಅಪ್ಪನ ತಲೆ ಎತ್ತರದಲ್ಲಿ ಇರಲೆಂದು ಇನ್ನೊಬ್ಬರ ಕತ್ತು ಎಷ್ಟು ಕಾಲ ಬಾಗಿರಬೇಕು ಎಂದು ನಾನು ಕೇಳಿದೆ. ಅಮ್ಮ ನೀರು ತೋಡಿಕೊಂಡು ಹೋದರು. ಚಿಕ್ಕಪ್ಪನಿಗೆ ವಿಷಯ ಗೊತ್ತಾದಾಗ ಅವರು ಬೈಕು ಹತ್ತಿ ಹೋದವರು ಸಂಜೆ ತಡವಾಗಿ ಬಂದರು. ನಾನು ಸುಧಾಳಿಗೂ ಎಲ್ಲವನ್ನೂ ಹೇಳಿದೆ. ಅವಳು ಮದುವೆಯಾಗಿ ತ್ಯಾಮಗೊಂಡ್ಲು ಕಡೆಗೆ ಹೋಗಿದ್ದವಳು, ಫೋನಿನಲ್ಲಿ ಕೇಳಿ, 'ನಾಳೆ ಬರ್ತೀನಿ' ಎಂದಷ್ಟೇ ಹೇಳಿದಳು.

ಹುಳು ಹಣ್ಣಾದವು. ಬೆಳಗಿನಿಂದ ಶೆಡ್ಡಿನಲ್ಲಿ ಹತ್ತಾರು ಕೈಗಳು ಹಳದಿಗೆ ತಿರುಗಿದ ಹುಳುಗಳನ್ನು ಆಯ್ದು ಬಿಡುತ್ತಿದ್ದವು. ಹಣ್ಣಾದ ಹುಳು ಯಾರಿಗೂ ಕಾಯುವುದಿಲ್ಲ, ಸಿಕ್ಕ ಕಡೆಯೇ ನೂಲು ಬಿಡಲು ತೊಡಗುತ್ತದೆ. ಹಾಗಾಗಿ ಊಟಕ್ಕೆ ಅರ್ಧ ಜನ ಮೊದಲು, ಅರ್ಧ ಜನ ಆಮೇಲೆ ಎಂಬುದು ಕ್ರಮ. ಅಂದು ಅಪ್ಪ ಎಲ್ಲರನ್ನೂ ಒಟ್ಟಿಗೇ ಕರೆದರು. ಅದನ್ನು ನೋಡಿಯೇ ಅವರು ಹೇಳುತ್ತಾರೆಂದು ನನಗೆ ಗೊತ್ತಾಯಿತು. ನಡುಮನೆಯಲ್ಲಿ ಸಾಲಾಗಿ ಕೂತಿದ್ದರು. ಅವರೆಕಾಳಿನ ಸಾರು, ಮುದ್ದೆ. ಬಡಿಸುತ್ತಿದ್ದವರು ಚಿಕ್ಕಮ್ಮ ಮತ್ತು ಸುಧಾ. ಅಜ್ಜಿ ಗೋಡೆಗೆ ಒರಗಿ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡಿದ್ದರು. ಅಪ್ಪ ಮುದ್ದೆ ಮುರಿಯಲಿಲ್ಲ.

"ಒಂದು ಮಾತು ಹೇಳ್ಬೇಕು. ಆವತ್ತು ಹುಳ ಸತ್ತಿದ್ದು ಔಷ್ದಿ ಸೊಪ್ಪಿಗೆ. ದ್ರಾಕ್ಷಿ ಚಪ್ಪರದ ಪಕ್ಕದ ಸೊಪ್ಪು. ಗೊತ್ತಿದ್ದೂ ಕೊಯ್ದು ತಂದೋನು ನಾನು. ರತ್ನಮ್ಮಂದೇನೂ ತಪ್ಪಿಲ್ಲ."

ಯಾರೂ ತಿನ್ನುತ್ತಿರಲಿಲ್ಲ. ಅಜ್ಜಿಯ ತಂಗಿ, ಆ ಸಂಜೆ ಒಳಗೆ ಯಾರು ಹೋಗಿದ್ದರು ಎಂದು ಮೊದಲು ಕೇಳಿದವರು ಅವರೇ ಇರಬೇಕು, ತಟ್ಟೆಯ ಕಡೆ ನೋಡುತ್ತ 'ಹೋಗ್ಲಿ ಬಿಡಪ್ಪ, ಅವಾಗಿನ್ ಗ್ರಹಚಾರ' ಎಂದರು.

"ಗ್ರಹಚಾರ ಅಲ್ಲ ಚಿಕ್ಕವ್ವ, ನಾನು," ಎಂದರು ಅಪ್ಪ.

ಆಗ ಚಿಕ್ಕಮ್ಮ ಸಾರಿನ ಪಾತ್ರೆಯನ್ನು ನೆಲಕ್ಕಿಟ್ಟರು. ಸೌಟನ್ನು ಪಾತ್ರೆಯ ಅಂಚಿಗೆ ಒರಗಿಸಿ, ಸೆರಗಿಗೆ ಕೈ ಒರೆಸಿಕೊಂಡು, ಸಾವಕಾಶವಾಗಿ ಮಾತಾಡಿದರು. ಅಷ್ಟು ಉದ್ದದ ಮಾತನ್ನು ನಾನು ಅವರಿಂದ ಅದಕ್ಕೆ ಮೊದಲು ಕೇಳಿರಲಿಲ್ಲ.

"ಸೊಪ್ಪಿನ್ ವಿಷ್ಯ ನಂಗೆ ಗೊತ್ತಿರ್ಲಿಲ್ವಾ ಭಾವ? ಮಂಕ್ರಿ ಎತ್ತುವಾಗ್ಲೇ ಔಷ್ದಿ ವಾಸ್ನೆ ಬಂತು. ಭಾವ ತಂದವ್ರೆ, ಅವ್ರಿಗೆ ಗೊತ್ತಿರ್ತೈತೆ ಅಂತ ಹಾಕ್ದೆ. ಅದು ಬಿಡಿ. ನಾನು ಮುಟ್ಟಾಗಿರ್ಲಿಲ್ಲ. ಮುಟ್ಟು ನಿಂತು ಎರಡು ತಿಂಗ್ಳಾಗಿತ್ತು. ಸುಧಾ ಹೊಟ್ಟೇಲಿದ್ಲು. ಮಾವ್ನೋರ್ ಮುಂದೆ ನಿಂತ್ಕೊಂಡು ಅದನ್ನ ಹೆಂಗೆ ಹೇಳ್ಲಿ, ಬಂದ ಹೊಸದ್ರಲ್ಲಿ? ಯಾರ್ಗೂ ಇನ್ನೂ ಹೇಳಿರ್ಲಿಲ್ಲ."

ಸುಧಾ ಮುದ್ದೆಯ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಎಲ್ಲರೂ ಅವಳನ್ನು ನೋಡಿದರು. ಆರೋಪ ಸುಳ್ಳು ಎಂಬುದಕ್ಕೆ ಬೇಕಾದ ಸಾಕ್ಷಿ ಇಷ್ಟು ವರ್ಷವೂ ನಮ್ಮ ನಡುವೆ ಆಡಿ, ಉಂಡು, ಬೆಳೆದಿತ್ತು. ಯಾರು ಬೇಕಾದರೂ ಬೆರಳು ಮಡಚಿ ಲೆಕ್ಕ ಹಾಕಬಹುದಿತ್ತು.

"ಇವ್ಳು ಹುಟ್ಟಿದ್ ದಿನ ಅತ್ತೆ ಪಕ್ಕದಲ್ಲಿ ಕೂತು ತಿಂಗ್ಳು ಎಣಿಸಿದ್ರು. ಎಣಿಸ್ತಾ ಎಣಿಸ್ತಾ ನಿಲ್ಲಿಸಿದ್ರು. ನಿಲ್ಲಿಸಿ ನನ್ನ ಮುಖ ನೋಡಿದ್ರು. ನಾನೂ ನೋಡ್ದೆ." ಅವರು ಅಜ್ಜಿಯ ಕಡೆ ತಿರುಗಿದರು. "ಅತ್ತೆ, ಹೌದೋ ಅಲ್ವೋ ಹೇಳಿ."

ಅಜ್ಜಿಯ ಬಾಯಿ ಒಮ್ಮೆ ಸುಮ್ಮನೆ ಆಡಿತು. ಆಮೇಲೆ ಮಾತು ಬಂತು.

"ಹೌದು ಕಣವ್ವ."

ಅಷ್ಟೇ. ನಾನು ಆ ಗಳಿಗೆಗಾಗಿ ಎಷ್ಟೋ ವಾಕ್ಯಗಳನ್ನು ಸಿದ್ಧಮಾಡಿಕೊಂಡಿದ್ದೆ. ಹೊಣೆಗಾರಿಕೆ, ಮೌನದ ಅಪರಾಧ, ಭಾಷೆಯ ಹಿಂಸೆ. ಯಾವುದೂ ಬೇಕಾಗಲಿಲ್ಲ. ಆ ಪದವನ್ನು ನಾವು ಹಿಂದಕ್ಕೆ ಕರೆಸಿಕೊಳ್ಳಲಾರೆವು. ಹೊಸಕೋಟೆಯ ಹುಡುಗ ಇವತ್ತೂ ಯಾರಿಗೋ ಬಸ್ಸಿನ ಕತೆ ಹೇಳುತ್ತಿರಬಹುದು. ನಮ್ಮ ಮನೆಯ ಮಟ್ಟಿಗೆ, ಆ ಪದ ಹುಟ್ಟಿದ ನಡುಮನೆಯ ಮಟ್ಟಿಗೆ, ಅದು ಯಾರ ತಪ್ಪಿನ ಹೆಸರು ಎಂಬುದು ಅಂದು ತೀರ್ಮಾನವಾಯಿತು. ಜನ ಬೇಗ ಬೇಗ ಉಂಡು ಎದ್ದರು. ಶೆಡ್ಡಿನಲ್ಲಿ ಹುಳುಗಳು ಕಾದಿದ್ದವು. ಅಪ್ಪ ಕೈ ತೊಳೆದು ಬಂದು, ಅಡುಗೆಮನೆಯ ಬಾಗಿಲಲ್ಲಿ ನಿಂತು ಚಿಕ್ಕಮ್ಮನನ್ನು ಹೆಸರು ಹಿಡಿದು ಕರೆದರು.

"ಬಾ ರತ್ನಮ್ಮ. ಹುಳ ಎಲ್ಲಾ ಒಟ್ಟಿಗೇ ಹಣ್ಣಾಗವೆ, ಕೈ ಸಾಲ್ತಾ ಇಲ್ಲ. ನೀನೂ ಒಳಕ್ಕೆ ಬಾ."

ಚಿಕ್ಕಮ್ಮ ಬರುತ್ತಾರೆ ಎಂದು ನಾನು ಅಂದುಕೊಂಡೆ. ಬರಲಿ ಎಂದು ಬಯಸಿದೆ. ಅವರು ಹೊಸಿಲು ದಾಟುವುದನ್ನು ನಾನು ಮನಸ್ಸಿನಲ್ಲಿ ಆಗಲೇ ನೋಡಿಬಿಟ್ಟಿದ್ದೆ.

"ಇವತ್ತು ಬರಲ್ಲ ಭಾವ," ಎಂದರು ಅವರು. "ಕರೆದ್ ದಿವ್ಸಾನೇ ಬರ್ಬೇಕು ಅಂತ ಏನಿಲ್ಲ."

ಅಪ್ಪ ತಲೆಯಾಡಿಸಿ ತೋಟದ ಕಡೆ ಹೋದರು. ಚಿಕ್ಕಮ್ಮ ಗಂಡಸರು ಕೂತೆದ್ದ ಚಾಪೆಯನ್ನು ಒಮ್ಮೆ ಕೊಡವಿ ಮತ್ತೆ ಹಾಸಿದರು. ಅದರ ನಟ್ಟನಡುವೆ, ಬಾಗಿಲಿಗೆ ಮುಖಮಾಡಿ, ಕಾಲು ಮಡಚಿ ಕೂತರು. ತಟ್ಟೆಯನ್ನು ಮುಂದಕ್ಕೆ ಎಳೆದುಕೊಂಡರು.

"ಸುಧಾ, ನಂಗೊಂದು ಮುದ್ದೆ ಹಾಕು. ಬಿಸೀದು."